ಸಂಕದ ಕಾಕ ಮತ್ತು ಹನ್ನೊಂದು ಸಾಲಿನ ಕೋಡ್

ಹೋದ ಮಳೆಗಾಲದಲ್ಲಿ ಒಂದು ದಿನ ಉಪ್ಪಳದಿಂದ ತಂಗಿಯ ಫೋನ್ ಬಂತು.

"ಇಚ್ಚ, ನೀವೊಮ್ಮೆ ಬಂದು ಇವನಿಗೆ ಬುದ್ಧಿ ಹೇಳಬೇಕು. ರಾತ್ರಿಯಿಡೀ ಕಂಪ್ಯೂಟರ್ ಎದುರು ಕೂತಿರ್ತಾನೆ. ಕೇಳಿದರೆ ಯಾರೋ ಪೂನಾದವನಿಗೆ ಎಂತದೋ ಸರಿ ಮಾಡಿಕೊಡ್ತಿದ್ದೇನೆ ಅಂತಾನೆ. ದುಡ್ಡು ಎಷ್ಟು ಸಿಗ್ತದೆ ಅಂದರೆ ನಗ್ತಾನೆ."

ಇವನು ಅಂದರೆ ಅವಳ ಮಗ, ನನ್ನ ಸೋದರಳಿಯ. ಇಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಭಾವ ಶಾರ್ಜಾದಲ್ಲಿದ್ದಾರೆ, ಅಲ್ಲಿ ಒಂದು ಕೆಲಸಕ್ಕೆ ಮಾತಾಡಿಟ್ಟು ಕಾಯುತ್ತಿದ್ದರು. ಹುಡುಗ ಮಾತ್ರ ಇವತ್ತು ನಾಳೆ ಎನ್ನುತ್ತಿದ್ದ. ನಾನು ಇಪ್ಪತ್ತು ವರ್ಷದಿಂದ ಜಾಲತಾಣ ಕಟ್ಟುವ ಕೆಲಸದಲ್ಲಿ ಇರುವವನು. ಮನೆಯಲ್ಲಿ ಈ ವಿಷಯಕ್ಕೆ ನನ್ನ ಮಾತೇ ಕೊನೆಯ ಮಾತು. ಹಾಗಾಗಿ ಹೋದೆ.

ಅವನು ಮಾಡಿದ್ದು ಇಷ್ಟೇ. ಅವನ ಅಜ್ಜಿ, ಎಂದರೆ ನಮ್ಮ ಉಮ್ಮ, ಬಳಸುವ ಹಳೆಯ ಬ್ಯಾರಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ ಕೂಡಿಸಿಡುತ್ತಿದ್ದ. ಸಾವಿರಕ್ಕೂ ಹೆಚ್ಚು ಪದಗಳಾದ ಮೇಲೆ ಹುಡುಕಲು ಹೊರಟರೆ, ಇರುವ ಪದವೇ ಸಿಗುತ್ತಿರಲಿಲ್ಲ. ಕಾರಣ ವಿಚಿತ್ರ. ಕನ್ನಡದಲ್ಲಿ 'ರಾಜ್‌ಕುಮಾರ್' ಎಂದು ಬಿಡಿಸಿ ಕಾಣಿಸಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಹಾಕದಿದ್ದರೆ ಅದು 'ರಾಜ್ಕುಮಾರ್' ಎಂದು ಒತ್ತಕ್ಷರವಾಗುತ್ತದೆ. ಓದುವ ನಮಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಪದ. ಒಬ್ಬರು ಹಾಗೆ ಬರೆದದ್ದನ್ನು ಇನ್ನೊಬ್ಬರು ಹೀಗೆ ಹುಡುಕಿದರೆ ಸಿಗುವುದಿಲ್ಲ. ಅಂಥ ವ್ಯತ್ಯಾಸಗಳನ್ನು ಬದಿಗಿಟ್ಟು ಹುಡುಕಿಸುವ ನಲವತ್ತು ಸಾಲಿನ ಒಂದು ಕೋಡ್ ಬರೆದು, ಯಾರು ಬೇಕಾದರೂ ಬಳಸಿ ಎಂದು ಇವನು ಹೊರಗಿಟ್ಟಿದ್ದ. ಕೆಲವರು ಬಳಸತೊಡಗಿದರು. ಆಮೇಲೆ 'ಇದು ಯಾಕೆ ಕೆಲಸ ಮಾಡುವುದಿಲ್ಲ', 'ಇವತ್ತೇ ಸರಿ ಮಾಡಿ' ಎಂಬ ಪತ್ರಗಳು ಬರತೊಡಗಿದವು. ಅವುಗಳಲ್ಲಿ ಒಂದೆರಡು ಒರಟಾಗಿಯೂ ಇದ್ದವು.

"ಮಾಮ, ನನಗೂ ಸಾಕಾಗಿದೆ" ಎಂದ. "ಒಬ್ಬರು ಬರೆದಿದ್ದಾರೆ, ಬೇಕಾದರೆ ಇನ್ನು ಮುಂದೆ ನಾನು ನೋಡಿಕೊಳ್ಳುತ್ತೇನೆ, ನನ್ನ ಕೈಗೆ ಕೊಟ್ಟುಬಿಡಿ ಅಂತ. ಕೊಟ್ಟುಬಿಡ್ತೇನೆ."

"ಯಾರು ಅವರು?"

"ಗೊತ್ತಿಲ್ಲ."

ನಾನು ಬುದ್ಧಿ ಹೇಳಲು ಹೋದವನು. 'ದುಡ್ಡಿಲ್ಲದ ಕೆಲಸ ಬಿಡು, ಶಾರ್ಜಾಕ್ಕೆ ಹೊರಡು' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ 'ಗೊತ್ತಿಲ್ಲ' ಎಂದು ಅವನು ಹೇಳಿದ ಕೂಡಲೇ ನನಗೆ ಎರಡು ವಿಷಯ ಒಟ್ಟಿಗೆ ನೆನಪಾದವು. ಒಂದು, ನಾವು ಚಿಕ್ಕವರಿದ್ದಾಗಿನ ಒಂದು ಕಾಲುಸಂಕ. ಇನ್ನೊಂದು, 2018ರಲ್ಲಿ ನಡೆದ ಒಂದು ಘಟನೆ. ಅವತ್ತು ರಾತ್ರಿ ಊಟದ ನಂತರ ಅವನಿಗೂ ತಂಗಿಗೂ ಹೇಳಿದ ಚರಿತ್ರೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಈಗ ಇಂಥ ಮಕ್ಕಳಿದ್ದಾರೆ.

ಮೊದಲು ಸಂಕದ ವಿಷಯ. ಮಂಜೇಶ್ವರದ ಒಳಭಾಗದಲ್ಲಿ ನಮ್ಮ ಮನೆ ಮತ್ತು ಶಾಲೆಯ ನಡುವೆ ಒಂದು ತೋಡು ಇತ್ತು. ಬೇಸಗೆಯಲ್ಲಿ ಹಾರಿ ದಾಟಬಹುದು, ಮಳೆಗಾಲದಲ್ಲಿ ಆನೆಯನ್ನೂ ಕೊಂಡುಹೋದೀತು. ಅದಕ್ಕೆ ಅಡ್ಡವಾಗಿ ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರು. ಅಷ್ಟೇ ನಮ್ಮ ಸೇತುವೆ. ಪ್ರತಿವರ್ಷ ಪತ್ತನಾಜೆ ಕಳೆದ ಕೂಡಲೇ ಒಬ್ಬರು ಹಿರಿಯರು ಬಂದು, ಕುಂಬಾದ ಮರ ತೆಗೆದು ಹೊಸದು ಹಾಕಿ, ಬಳ್ಳಿಯಿಂದ ಬಿಗಿದು ಹೋಗುತ್ತಿದ್ದರು. ನಾವು ಮಕ್ಕಳು ಅವರನ್ನು 'ಸಂಕದ ಕಾಕ' ಎನ್ನುತ್ತಿದ್ದೆವು. ಅವರಿಗೆ ಪಂಚಾಯತಿನವರು ಹೇಳಿದ್ದಲ್ಲ, ಊರಿನವರು ಸಂಬಳ ಕೊಟ್ಟದ್ದೂ ಅಲ್ಲ. ಮೊದಲೊಮ್ಮೆ ತಮ್ಮ ಮನೆಗೆ ದಾರಿ ಬೇಕೆಂದು ಹಾಕಿದ್ದರು. ಆಮೇಲೆ ಎಲ್ಲರೂ ನಡೆಯತೊಡಗಿದರು.

ಒಂದು ವರ್ಷ ಅವರು ಕಾಯಿಲೆ ಬಿದ್ದರು. ಸಂಕ ಹಾಗೆಯೇ ಉಳಿಯಿತು. ಜುಲೈಯಲ್ಲಿ ಒಂದು ಬೆಳಿಗ್ಗೆ ಮರ ಮುರಿದು, ಶಾಲೆಯ ಚೀಲದೊಂದಿಗೆ ತೋಡಿಗೆ ಬಿದ್ದವನು ನಾನೇ. ಬದಿಯ ಬೇರಿಗೆ ಸಿಕ್ಕಿಕೊಂಡು ಉಳಿದೆ. ಅವತ್ತು ಸಂಜೆ ಊರಿನವರೆಲ್ಲ ಸೇರಿ ಬೈದದ್ದು ಯಾರಿಗೆ ಗೊತ್ತಾ? ಮಲಗಿದಲ್ಲಿದ್ದ ಆ ಕಾಕನಿಗೆ. 'ಈ ವರ್ಷ ಯಾಕೆ ಹಾಕಲಿಲ್ಲ?' ಬೈದವರಲ್ಲಿ ನಮ್ಮ ಉಪ್ಪನೂ ಇದ್ದರು.

ಈಗ ಜಾಲದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಫೋನಿನಲ್ಲಿ ತೆರೆಯುವ ಪ್ರತಿಯೊಂದು ಪುಟದ ಹಿಂದೆಯೂ ಇಂಥ ನೂರಾರು ಸಂಕಗಳಿರುತ್ತವೆ. ನಮ್ಮ ಕೆಲಸದ ಭಾಷೆಯಲ್ಲಿ ಅವನ್ನು ಲೈಬ್ರರಿ ಅಥವಾ ಪ್ಯಾಕೇಜ್ ಅನ್ನುತ್ತೇವೆ. ಪುಸ್ತಕದ ಲೈಬ್ರರಿ ಅಲ್ಲ. ಒಬ್ಬರು ಒಮ್ಮೆ ಬರೆದಿಟ್ಟ, ಬೇರೆಯವರು ಎತ್ತಿಕೊಂಡು ತಮ್ಮ ಕೆಲಸಕ್ಕೆ ಸೇರಿಸಿಕೊಳ್ಳಬಹುದಾದ ಕೋಡ್. ಬಿರಿಯಾನಿ ಮಾಡುವವರು ಕಾಳುಮೆಣಸಿನ ಬಳ್ಳಿ ನೆಡುವುದಿಲ್ಲ, ಪೊಟ್ಟಣ ತರುತ್ತಾರೆ. ಇದೂ ಹಾಗೆಯೇ. ಓಪನ್ ಸೋರ್ಸ್ ಅಂದರೆ ಆ ಪೊಟ್ಟಣ ಉಚಿತ ಮಾತ್ರವಲ್ಲ, ಅದರೊಳಗೆ ಏನೇನು ಹಾಕಿದೆ ಎಂದು ನೋಡಬಹುದು, ಬದಲಾಯಿಸಬಹುದು, ಬದಲಾಯಿಸಿದ್ದನ್ನು ಹಂಚಬಹುದು.

ಜಾಲವೇ ಹುಟ್ಟಿದ್ದು ಇಂಥ ಕೊಡುಗೆಯಿಂದ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಿನೀವಾ ಹತ್ತಿರದ ಸೆರ್ನ್ ಸಂಸ್ಥೆಯಲ್ಲಿ ಅದರ ಯೋಜನೆ ಬರೆದರು. 1993ರ ಏಪ್ರಿಲ್ 30ರಂದು ಸೆರ್ನ್ ಆ ತಂತ್ರಾಂಶವನ್ನು ಯಾವ ಹಕ್ಕೂ ಇಟ್ಟುಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟಿತು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪ ಮಾಡಿದರು. ಪುಟದಲ್ಲಿ ಗುಂಡಿ ಒತ್ತಿದಾಗ ಏನಾದರೂ ನಡೆಯಬೇಕಾದರೆ ಇಂದಿಗೂ ಅದೇ ಭಾಷೆ ಬೇಕು. ಹತ್ತು ದಿನದಲ್ಲಿ ಕಟ್ಟಿದ ಮನೆಗೆ ಬಾಗಿಲು ಇದ್ದರೆ ಚಿಲಕ ಇರುವುದಿಲ್ಲ. ಆ ಚಿಲಕಗಳನ್ನು ಮುಂದಿನ ಇಪ್ಪತ್ತು ವರ್ಷ ಬೇರೆ ಬೇರೆಯವರು ತಂದು ಹಾಕಿದರು. ಅದೇ ಸಣ್ಣ ಲೈಬ್ರರಿಗಳ ಚರಿತ್ರೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮ ದೊಡ್ಡ ಕಷ್ಟ ಬ್ರೌಸರ್‌ಗಳದ್ದು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ರೀತಿ ಹೇಳಬೇಕು, ಫೈರ್‌ಫಾಕ್ಸ್‌ಗೆ ಇನ್ನೊಂದು ರೀತಿ. ಒಂದೇ ಕೆಲಸವನ್ನು ಎರಡೆರಡು ಸಲ ಬರೆಯುವುದು. 2006ರ ಜನವರಿಯಲ್ಲಿ, ಆಗಷ್ಟೇ ಕಾಲೇಜು ಮುಗಿಸಿದ್ದ ಜಾನ್ ರೆಸಿಗ್ ಎಂಬ ಅಮೆರಿಕದ ಯುವಕ ನ್ಯೂಯಾರ್ಕಿನ ಒಂದು ಕೂಟದಲ್ಲಿ 'ಜೇಕ್ವೆರಿ' ಎಂಬ ಲೈಬ್ರರಿ ತೋರಿಸಿದ. ನೀವು ಒಮ್ಮೆ ಬರೆಯಿರಿ, ಯಾವ ಬ್ರೌಸರಿಗೆ ಹೇಗೆ ಹೇಳಬೇಕೋ ಅದು ನೋಡಿಕೊಳ್ಳುತ್ತದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. 2008ರಲ್ಲಿ ಮೈಕ್ರೋಸಾಫ್ಟ್ ಮತ್ತು ನೋಕಿಯಾ ಕಂಪನಿಗಳೇ ತಾವೂ ಇದನ್ನು ಬಳಸುತ್ತೇವೆ ಎಂದು ಸಾರಿದವು. ಇವತ್ತಿಗೂ ಲೋಕದ ಅರ್ಧಕ್ಕಿಂತ ಹೆಚ್ಚು ಜಾಲತಾಣಗಳಲ್ಲಿ ಜೇಕ್ವೆರಿ ಉಂಟು. ನನ್ನ ಮೊದಲ ಸಂಬಳ, ಮನೆಗೆ ಕಳಿಸಿದ ಮೊದಲ ಹಣ, ತಂಗಿಯ ಮದುವೆಗೆ ಕೊಟ್ಟದ್ದು, ಎಲ್ಲವೂ ಆ ಹುಡುಗ ಉಚಿತವಾಗಿ ಕೊಟ್ಟ ಕೋಡಿನ ಮೇಲೆ ನಿಂತು ದುಡಿದದ್ದು. ನಾನು ಅವನಿಗೆ ಒಂದು ರೂಪಾಯಿಯನ್ನಾಗಲಿ ಒಂದು ಸಾಲಿನ ಪತ್ರವನ್ನಾಗಲಿ ಕಳಿಸಿದವನಲ್ಲ.

ಇಂಥ ಕೋಡಿನ ಜೊತೆ ಒಂದು ಸಣ್ಣ ಪತ್ರವಿರುತ್ತದೆ. ಹೆಚ್ಚಾಗಿ ಅದು ಎಂಐಟಿ ಪರವಾನಗಿ. ಒಂದು ಪುಟವೂ ಇಲ್ಲ. ಅದರ ಸಾರ ಎರಡು ಮಾತು: ಇದನ್ನು ಹೇಗೆ ಬೇಕಾದರೂ ಬಳಸಿ, ಈ ಪತ್ರವನ್ನು ಮಾತ್ರ ಜೊತೆಗಿಡಿ. ಇದು ಇರುವುದು ಇದ್ದ ಹಾಗೆ, ಏನಾದರೂ ಕೆಟ್ಟರೆ ಹೊಣೆ ನನ್ನದಲ್ಲ. ಎರಡನೆಯ ಮಾತನ್ನು ಯಾರೂ ಓದುವುದಿಲ್ಲ. ಸಂಕದ ಕಾಕನ ಹತ್ತಿರ ಇಂಥ ಚೀಟಿ ಕೂಡ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ.

2009ರಲ್ಲಿ ರಯಾನ್ ಡಾಲ್ ಎಂಬವರು ನೋಡ್ ಮಾಡಿದ ಮೇಲೆ ಜಾವಾಸ್ಕ್ರಿಪ್ಟ್ ಬ್ರೌಸರಿನಿಂದ ಹೊರಗೆ ಬಂದು ಸರ್ವರ್‌ಗಳಲ್ಲೂ ಓಡತೊಡಗಿತು. ಅದರ ಹಿಂದೆಯೇ ಐಸಾಕ್ ಶ್ಲೂಟರ್ ಎಂಬವರ ಎನ್‌ಪಿಎಂ ಬಂತು. ಅದು ಪೊಟ್ಟಣಗಳ ದೊಡ್ಡ ಉಗ್ರಾಣ. ಬೇಕಾದ್ದರ ಹೆಸರು ಬರೆದರೆ ಸಾಕು, ಅದೂ ಬರುತ್ತದೆ, ಅದಕ್ಕೆ ಬೇಕಾದ ಬೇರೆ ಪೊಟ್ಟಣಗಳೂ ಬರುತ್ತವೆ, ಅವಕ್ಕೆ ಬೇಕಾದವೂ ಬರುತ್ತವೆ. ಒಂದು ಪೊಟ್ಟಣ ಒಂದೇ ಕೆಲಸ ಮಾಡಲಿ ಎಂಬುದು ಅಲ್ಲಿಯವರ ನಂಬಿಕೆ. ಹಾಗಾಗಿ ಹತ್ತು ಸಾಲಿನ ಪೊಟ್ಟಣಗಳೂ ಸಾವಿರಾರು ಆದವು. ನಾವು ಐದು ಹೆಸರು ಬರೆದರೆ ಐನೂರು ಬಂದು ಕೂರುತ್ತಿದ್ದವು. ಅವುಗಳಲ್ಲಿ ಏನುಂಟು, ಯಾರು ಬರೆದದ್ದು ಎಂದು ನಾವು ನೋಡಿದವರಲ್ಲ.

ನೋಡಬೇಕಾಗಿ ಬಂದದ್ದು 2016ರ ಮಾರ್ಚ್‌ನಲ್ಲಿ. ಆಗ ನಾನು ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಅಮೆರಿಕದಲ್ಲಿ 22ನೇ ತಾರೀಕಿನ ಮಧ್ಯಾಹ್ನ, ನಮಗೆ 23ರ ಬೆಳಗಿನ ಜಾವ ಮೂರು ಗಂಟೆ. ಬೆಳಿಗ್ಗೆಯೊಳಗೆ ಕೊಡಬೇಕಾದ ಕೆಲಸ ಇದ್ದಕ್ಕಿದ್ದಂತೆ ನಿಂತಿತು. 'ಲೆಫ್ಟ್-ಪ್ಯಾಡ್' ಎಂಬುದು ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಅದರ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ನಾನು ಅದನ್ನು ತರಿಸಿದವನೇ ಅಲ್ಲ. ನಾನು ತರಿಸಿದ್ದು ತರಿಸಿದ್ದು ತರಿಸಿದ್ದು ಅದು.

ಆದದ್ದು ಹೀಗೆ. ಕ್ಯಾಲಿಫೋರ್ನಿಯಾದಲ್ಲಿದ್ದ ಅಜರ್ ಕೊಚುಲು ಎಂಬ ಟರ್ಕಿ ಮೂಲದ ಪ್ರೋಗ್ರಾಮರ್ 'ಕಿಕ್' ಎಂಬ ಹೆಸರಿನಲ್ಲಿ ಒಂದು ಪೊಟ್ಟಣ ಇಟ್ಟಿದ್ದರು. ಕೆನಡಾದಲ್ಲಿ ಅದೇ ಹೆಸರಿನ ಮೆಸೆಂಜರ್ ಕಂಪನಿ ಇತ್ತು. ಹೆಸರು ನಮಗೆ ಬೇಕು ಎಂದು ಕಂಪನಿ ಕೇಳಿತು, ಇವರು ಕೊಡಲಿಲ್ಲ. ಎನ್‌ಪಿಎಂನವರು ಕಂಪನಿಯ ಪರವಾಗಿ ತೀರ್ಮಾನಿಸಿದರು. ಸಿಟ್ಟಾದ ಕೊಚುಲು ತಾವು ಅಲ್ಲಿಟ್ಟಿದ್ದ 250ಕ್ಕೂ ಹೆಚ್ಚು ಪೊಟ್ಟಣಗಳನ್ನು ಒಂದೇ ಸಲಕ್ಕೆ ತೆಗೆದುಬಿಟ್ಟರು. ಅವುಗಳಲ್ಲಿ ಒಂದು ಲೆಫ್ಟ್-ಪ್ಯಾಡ್. ಹನ್ನೊಂದು ಸಾಲು. ಅದರ ಕೆಲಸ, '5' ಎಂದಿದ್ದರೆ ಎಡಕ್ಕೆ ಸೊನ್ನೆ ಹಾಕಿ '005' ಮಾಡುವಂಥದ್ದು. ರೇಶನ್ ಅಂಗಡಿಯ ರಸೀದಿ ನಂಬರಿನ ಹಾಗೆ. ಅದನ್ನು ಬೇರೆ ಯಾವುದೋ ಸಣ್ಣ ಪೊಟ್ಟಣ ಬಳಸುತ್ತಿತ್ತು, ಆ ಪೊಟ್ಟಣವನ್ನು ಬೇಬೆಲ್ ಎಂಬ ದೊಡ್ಡ ಸಾಧನ ಬಳಸುತ್ತಿತ್ತು, ಬೇಬೆಲನ್ನು ನಾವೆಲ್ಲ ಬಳಸುತ್ತಿದ್ದೆವು. ಅಡಿಯ ಕಲ್ಲು ಸರಿದದ್ದೇ ತಡ, ಮೇಲಿನದ್ದೆಲ್ಲ ನಿಂತಿತು.

ಸ್ವಲ್ಪ ಹೊತ್ತಿನಲ್ಲಿಯೇ ಬೇರೊಬ್ಬರು ಅದೇ ಕೋಡಿನ ಹೊಸ ಪೊಟ್ಟಣ ಹಾಕಿದರು. ಆದರೆ ಎಷ್ಟೋ ಕಡೆ ಹಳೆಯ ಆವೃತ್ತಿಯ ನಂಬರನ್ನೇ ಕೇಳುವಂತೆ ಬರೆದಿತ್ತು. ಕೊನೆಗೆ ಎನ್‌ಪಿಎಂನವರು ತೆಗೆದುಹಾಕಿದ್ದನ್ನು ಬ್ಯಾಕಪ್‌ನಿಂದ ತಂದು ಅದೇ ಜಾಗದಲ್ಲಿಟ್ಟರು. ಸುಮಾರು ಎರಡೂವರೆ ಗಂಟೆ. ನಮ್ಮ ಕೆಲಸ ಪುನಃ ಓಡಿದಾಗ ಬೆಂಗಳೂರಿನಲ್ಲಿ ಸುಬಹಿ ಬಾಂಗ್ ಆಗುವ ಹೊತ್ತು. ಆ ಎರಡೂವರೆ ಗಂಟೆಯಲ್ಲಿ ನಾವು ನಾಲ್ಕು ಮಂದಿ ಮಾಡಿದ್ದು ಏನು? ಕಾಣದ ಆ ಮನುಷ್ಯನಿಗೆ ಬೈದದ್ದು. ಅವನಿಗೆ ಎಷ್ಟು ಅಹಂಕಾರ, ಅವನಿಗೆ ಜವಾಬ್ದಾರಿ ಬೇಡವಾ ಎಂದು. ಹನ್ನೊಂದು ಸಾಲನ್ನು ನಾವೇ ಬರೆದುಕೊಳ್ಳಬಹುದಿತ್ತು ಎಂದು ಒಬ್ಬನಿಗೂ ತೋಚಲಿಲ್ಲ. ಉಪ್ಪ ಅವತ್ತು ಕಾಕನ ಮನೆಯ ಅಂಗಳದಲ್ಲಿ ನಿಂತು ಹೇಳಿದ್ದೂ ಇದೇ ಮಾತು.

ಆಮೇಲೆ ಎನ್‌ಪಿಎಂ ತನ್ನ ನಿಯಮ ಬದಲಾಯಿಸಿತು. ಬೇರೆಯವರು ನೆಚ್ಚಿಕೊಂಡ ಪೊಟ್ಟಣವನ್ನು ಹಾಗೆ ಸುಲಭವಾಗಿ ತೆಗೆಯಲು ಈಗ ಆಗುವುದಿಲ್ಲ. ಮರುವರ್ಷ, 2017ರ ಆವೃತ್ತಿಯಲ್ಲಿ, ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಆ ಕೆಲಸ ಮಾಡುವ ಒಂದು ಸೌಲಭ್ಯ ಬಂತು.

ಇಷ್ಟು ಹೇಳುವಾಗ ಅಳಿಯ ನಕ್ಕ. ಲೆಫ್ಟ್-ಪ್ಯಾಡ್ ಕತೆ ಅವನಿಗೂ ಗೊತ್ತಿತ್ತು. "ಸಿಟ್ಟಾದವರ ಕತೆ ಅದು ಮಾಮ. ನನಗೆ ಸಿಟ್ಟಿಲ್ಲ, ಸುಸ್ತು ಅಷ್ಟೇ" ಎಂದ. ನನಗೆ ಬೇಕಾದದ್ದೂ ಅದೇ ಮಾತು. ಯಾಕೆಂದರೆ ಸಿಟ್ಟಿಗಿಂತ ಸುಸ್ತಿನಿಂದ ಆದ ಅನಾಹುತ ದೊಡ್ಡದು.

ನ್ಯೂಜಿಲೆಂಡಿನ ಡೊಮಿನಿಕ್ ಟಾರ್ ಎಂಬವರು 'ಇವೆಂಟ್-ಸ್ಟ್ರೀಮ್' ಎಂಬ ಪೊಟ್ಟಣ ಮಾಡಿದ್ದರು. ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಅದನ್ನು ಇಳಿಸಿಕೊಳ್ಳುತ್ತಿದ್ದರು. ಟಾರ್ ಸ್ವತಃ ಅದನ್ನು ಬಳಸುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅದರಿಂದ ಅವರಿಗೆ ಬರುತ್ತಿದ್ದದ್ದು ಏನೂ ಇಲ್ಲ. 2018ರಲ್ಲಿ ಗುರುತಿಲ್ಲದ ಒಬ್ಬರು ಬರೆದರು, ಇದನ್ನು ನಾನು ನೋಡಿಕೊಳ್ಳುತ್ತೇನೆ, ಕೊಡಿ ಎಂದು. ಟಾರ್ ಕೊಟ್ಟರು. ಹೊಸಬ ಮೊದಲು ಕೆಲವು ಒಳ್ಳೆಯ ತಿದ್ದುಪಡಿ ಮಾಡಿದ. ಸೆಪ್ಟೆಂಬರಿನಲ್ಲಿ ಇನ್ನೊಂದು ಸಣ್ಣ ಪೊಟ್ಟಣವನ್ನು ಅದರೊಳಗೆ ಸೇರಿಸಿದ. ಆ ಸಣ್ಣದರಲ್ಲಿ ಆಮೇಲೆ ಕಳ್ಳ ಕೋಡ್ ಬಂತು. ಅದು ಎಲ್ಲರಿಗೂ ತೊಂದರೆ ಕೊಡುತ್ತಿರಲಿಲ್ಲ. ಕೋಪೇ ಎಂಬ ಒಂದು ಬಿಟ್‌ಕಾಯಿನ್ ವ್ಯಾಲೆಟ್ ತಂತ್ರಾಂಶದೊಳಗೆ ಹೋದಾಗ ಮಾತ್ರ ಎಚ್ಚರವಾಗಿ, ಬಳಕೆದಾರರ ಗುಟ್ಟಿನ ಕೀಲಿಯನ್ನು ಕದಿಯುವಂತೆ ಬರೆದಿತ್ತು. ಬಯಲಾದದ್ದು ನವೆಂಬರಿನಲ್ಲಿ. ಆಗ ಎಷ್ಟೋ ಜನ ಟಾರ್ ಅವರಿಗೆ ಬೈದರು, ಕೊಟ್ಟದ್ದು ಯಾಕೆ ಎಂದು. ಅಷ್ಟು ವರ್ಷ ಸಹಾಯಕ್ಕೆ ಬಾರದವರೂ ಬೈದರು.

ಆರು ವರ್ಷದ ನಂತರ ಇದೇ ಕತೆ ಇನ್ನೂ ದೊಡ್ಡದಾಗಿ ನಡೆಯಿತು. ಕಡತಗಳನ್ನು ಅದುಮಿ ಚಿಕ್ಕದು ಮಾಡುವ 'ಎಕ್ಸ್‌ಝಡ್' ಎಂಬ ಸಾಧನ ಲೋಕದ ಸರ್ವರ್‌ಗಳಲ್ಲೆಲ್ಲ ಇದೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಫಿನ್ಲೆಂಡಿನ ಲಾಸ್ಸೆ ಕಾಲಿನ್ ಒಬ್ಬರೇ. ಕೆಲಸ ನಿಧಾನವಾಯಿತು ಎಂದು ಕೆಲವರು ಅವರನ್ನು ಪೀಡಿಸುತ್ತಿದ್ದರು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಕೆಲಸ ಎಂದು ಅವರು ಬರೆದರೂ ಪೀಡನೆ ನಿಲ್ಲಲಿಲ್ಲ. ಆ ಹೊತ್ತಿಗೆ ಸಹಾಯಕ್ಕೆಂದು ಬಂದ ಒಬ್ಬ ಎರಡು ವರ್ಷ ತಾಳ್ಮೆಯಿಂದ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಹಿಂಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಯಾಕೆ ಹಿಡಿಯುತ್ತಿದೆ ಎಂದು ಕೆದಕಿ ನೋಡಿದ್ದರಿಂದ ಅದು ಸಿಕ್ಕಿಬಿತ್ತು.

ಅಳಿಯ ಏನೂ ಮಾತಾಡಲಿಲ್ಲ. ತಂಗಿ ಕೇಳಿದಳು, "ಹಾಗಾದರೆ ಇವನಿಗೆ ಬರೆದವನೂ ಕಳ್ಳನಾ?"

ಇರಲಿಕ್ಕಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಒಳ್ಳೆಯ ಮನುಷ್ಯನೇ ಇರಬಹುದು. ಈ ಲೋಕ ನಡೆಯುವುದೇ ಗುರುತಿಲ್ಲದವರ ಒಳ್ಳೆಯತನದಿಂದ. ಆದರೆ ಬೀಗದ ಕೈ ಕೊಡುವುದು ಬೇರೆ, ಕೆಲಸ ಹಂಚಿಕೊಳ್ಳುವುದು ಬೇರೆ. ಅಂಗಡಿಗೆ ಹೊಸ ಹುಡುಗ ಬಂದರೆ ಮೊದಲ ದಿನವೇ ಗಲ್ಲಾಪೆಟ್ಟಿಗೆಯಲ್ಲಿ ಕೂರಿಸುತ್ತೇವಾ? ವ್ಯಾಪಾರ ಮಾಡಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆಮೇಲೆ ತಂಗಿ ಇನ್ನೊಂದು ಪ್ರಶ್ನೆ ಕೇಳಿದಳು. ನಿಜವಾಗಿ ಕೇಳಬೇಕಾದ ಪ್ರಶ್ನೆ ಅದೇ. "ಅಮೆರಿಕದವರು, ಫಿನ್ಲೆಂಡಿನವರು ಮಾಡಲಿ ಇಚ್ಚ. ನಮ್ಮ ಮಕ್ಕಳು ಯಾಕೆ ಮಾಡಬೇಕು? ನಮಗೆ ಇದರಿಂದ ಏನು?"

ನಾನು ಅವಳ ಫೋನನ್ನೇ ಎತ್ತಿ ತೋರಿಸಿದೆ. ಅವಳು ಮನೆಯವರ ಗುಂಪಿಗೆ ಬ್ಯಾರಿಯಲ್ಲಿ, ಕನ್ನಡ ಅಕ್ಷರ ಹಾಕಿ ಬರೆಯುತ್ತಾಳೆ. 'ಕ್ಕ', 'ಸ್ತ್ರ' ಮುಂತಾದ ಒತ್ತಕ್ಷರಗಳು ಕಂಪ್ಯೂಟರಿನೊಳಗೆ ಹಾಗೆ ಇರುವುದಿಲ್ಲ. ಅಲ್ಲಿ ಒಂದರ ಹಿಂದೆ ಒಂದು ಬಿಡಿ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಅವನ್ನು ನೋಡಿ, ಯಾವುದು ಕೆಳಗೆ ಹೋಗಬೇಕು, ಯಾವುದು ಬದಿಗೆ ಬರಬೇಕು ಎಂದು ಜೋಡಿಸಿ ಕಾಣಿಸುವುದಕ್ಕೆ ಒಂದು ಲೈಬ್ರರಿ ಬೇಕು. ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಆ ಕೆಲಸ ಮಾಡುವ ಲೈಬ್ರರಿಯ ಹೆಸರು ಹರ್ಫ್‌ಬಝ್. ಓಪನ್ ಸೋರ್ಸ್. ಅದನ್ನು ಮುಖ್ಯವಾಗಿ ಕಟ್ಟಿದವರು ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್. ಹೆಸರು ಫಾರಸಿಯದ್ದು: ಹರ್ಫ್ ಎಂದರೆ ಅಕ್ಷರ, ಬಾಝ್ ಎಂದರೆ ತೆರೆದದ್ದು. ಮದ್ರಸದಲ್ಲಿ ಮೊದಲ ಹರ್ಫ್ ಕಲಿತ ಯಾವ ಬ್ಯಾರಿ ಮಗುವಿಗೂ ಆ ಪದ ಹೊಸತಲ್ಲ. ನಮ್ಮ ಮನೆಯ ಮಾತು ನಮ್ಮ ಮನೆಯವರಿಗೆ ತಲುಪುವ ದಾರಿಯಲ್ಲಿ ಆ ಸಂಕ ಉಂಟು. ನಾವು ದಿನಕ್ಕೆ ನೂರು ಸಲ ಅದರ ಮೇಲೆ ನಡೆಯುತ್ತೇವೆ.

ಕನ್ನಡ ಟೈಪ್ ಮಾಡುವ ಕೀಲಿಮಣೆಯ ಕತೆ ಇನ್ನೂ ಹತ್ತಿರದ್ದು. ಕನ್ನಡವನ್ನು ಉಚ್ಚಾರದ ಕ್ರಮದಲ್ಲಿಯೇ, ವ್ಯಂಜನದ ಮೇಲೆ ಸ್ವರ ಒತ್ತಿ ಬರೆಯುವ ವಿನ್ಯಾಸ ಮಾಡಿದವರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಅವರ 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಸರಕಾರದ 'ನುಡಿ' ತಂತ್ರಾಂಶ ಅನುಸರಿಸಿದ್ದು ಅವರ ಕೀಲಿಮಣೆಯನ್ನೇ. 2012ರ ಸುಮಾರಿಗೆ ವಿಕಿಮೀಡಿಯದ ಭಾಷಾ ತಂಡ, ಕೇರಳದ ಸಂತೋಷ್ ತೋಟ್ಟಿಂಗಲ್ ಮುಂತಾದವರು ಇದ್ದ ತಂಡ, ಯಾವ ಜಾಲಪುಟದಲ್ಲಿ ಬೇಕಾದರೂ ಬೇರೆ ಬೇರೆ ಭಾಷೆ ಟೈಪ್ ಮಾಡಲು ಆಗುವಂಥ ಒಂದು ಸಣ್ಣ ಲೈಬ್ರರಿ ಮಾಡಿತು. ಅದರಲ್ಲಿ ಕನ್ನಡದ ಈ ಕೀಲಿಮಣೆಯೂ ಉಂಟು. ಆ ಲೈಬ್ರರಿ ನಿಂತಿರುವುದು ಯಾವುದರ ಮೇಲೆ? ಜಾನ್ ರೆಸಿಗ್‌ನ ಜೇಕ್ವೆರಿಯ ಮೇಲೆ. ಕಿನ್ನಿಕಂಬಳದವರ ಕೆಲಸ, ಅಮೆರಿಕದವನ ಕೆಲಸ, ಕೇರಳದವರ ಕೆಲಸ ಮೂರೂ ಒಂದರ ಮೇಲೊಂದು. ಇವರು ಯಾರೂ ಒಬ್ಬರಿಗೊಬ್ಬರು ಬಿಲ್ ಬರೆದವರಲ್ಲ.

ನಮ್ಮ ಕಾಸರಗೋಡಿನ ಮಕ್ಕಳಿಗೆ ಇದು ಇನ್ನೂ ಹತ್ತಿರವಾಗಬೇಕು. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಇರುವುದು ಲಿನಕ್ಸ್, ಸ್ವತಂತ್ರ ತಂತ್ರಾಂಶ. ಅಳಿಯ ಕಂಪ್ಯೂಟರ್ ಕಲಿತದ್ದು ಅದರಲ್ಲೇ. ಬ್ಯಾರಿ ಭಾಷೆಯ ಹುಡುಕಾಟ ಸರಿಯಾಗಿ ಆಗಬೇಕು ಎಂದು ಯಾವ ದೊಡ್ಡ ಕಂಪನಿಯೂ ರಾತ್ರಿ ನಿದ್ದೆಗೆಡುವುದಿಲ್ಲ. ನಮ್ಮ ತೋಡಿಗೆ ನಾವೇ ಅಡಿಕೆ ಮರ ಹಾಕಬೇಕು.

ಹಾಗೆಂದು ಮಕ್ಕಳನ್ನು ಉಚಿತ ದುಡಿತಕ್ಕೆ ತಳ್ಳಿ ಎಂದು ನಾನು ಹೇಳುವುದಿಲ್ಲ. ಈ ಚರಿತ್ರೆ ಕಲಿಸುವ ಪಾಠವೇ ಅದು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೊಡ್ಡ ದೋಷ ಕಂಡುಬಂತು. ಬ್ಯಾಂಕಿನಿಂದ ಅಂಚೆಯವರೆಗೆ ಲೋಕದ ಗುಟ್ಟನ್ನೆಲ್ಲ ಕಾಯುತ್ತಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ಆಗ ಗೊತ್ತಾಯಿತು. 2022ರ ಜನವರಿಯಲ್ಲಿ 'ಕಲರ್ಸ್' ಮತ್ತು 'ಫೇಕರ್' ಎಂಬ ಎರಡು ಪೊಟ್ಟಣಗಳ ಕರ್ತೃ ಮರಾಕ್ ಸ್ಕ್ವಯರ್ಸ್, ದೊಡ್ಡ ಕಂಪನಿಗಳಿಗೆ ಇನ್ನು ಬಿಟ್ಟಿ ದುಡಿಯುವುದಿಲ್ಲ ಎಂದು ಮೊದಲೇ ಬರೆದಿದ್ದವರು, ತಮ್ಮ ಕೋಡನ್ನು ತಾವೇ ಕೆಡಿಸಿಬಿಟ್ಟರು. ಫೇಕರನ್ನು ಆಮೇಲೆ ಹಲವರು ಸೇರಿ ಎತ್ತಿಕೊಂಡು ನಡೆಸುತ್ತಿದ್ದಾರೆ. ಈಗ ದಾರಿಗಳೂ ಆಗಿವೆ. 2019ರಿಂದ ಗಿಟ್‌ಹಬ್‌ನಲ್ಲಿಯೇ ಇಂಥವರಿಗೆ ತಿಂಗಳಿಗಿಷ್ಟು ಎಂದು ಕಳಿಸಬಹುದು. ಜರ್ಮನಿ ಸರಕಾರ 2022ರಲ್ಲಿ ಇದಕ್ಕೆಂದೇ ಒಂದು ನಿಧಿ ಮಾಡಿತು. ಸಾಲುವುದಿಲ್ಲ, ಆದರೆ ಶುರುವಾಗಿದೆ.

ಸಂಕದ ಕಾಕನ ಕತೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ನಾನು ಬಿದ್ದ ಮರುವಾರ ಉಪ್ಪ ಅವರ ಮನೆಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೋ ನನಗೆ ಹೇಳಲಿಲ್ಲ. ಆದರೆ ಮುಂದಿನ ವರ್ಷದಿಂದ ತೋಡಿನ ಎರಡೂ ಬದಿಯ ಮನೆಗಳಿಗೆ ಸರದಿ ಬಂತು. ಈ ವರ್ಷ ನಿಮ್ಮ ತೋಟದ ಮರ, ಮುಂದಿನ ವರ್ಷ ನಮ್ಮದು. ಕಾಕ ಕುರ್ಚಿ ಹಾಕಿ ಕೂತು, ಹೇಗೆ ಕಟ್ಟಬೇಕೆಂದು ಹೇಳುತ್ತಿದ್ದರು. ಸಿಮೆಂಟಿನ ಸೇತುವೆ ಬರುವವರೆಗೂ ಹಾಗೆಯೇ ನಡೆಯಿತು.

ಅವತ್ತು ರಾತ್ರಿ ಅಳಿಯ ಆ ಗುರುತಿಲ್ಲದವರಿಗೆ ಉತ್ತರ ಬರೆದ. ಕೀಲಿ ಕೊಡಲಿಲ್ಲ. 'ನಿಮ್ಮ ತಿದ್ದುಪಡಿಗಳನ್ನು ಕಳಿಸಿ, ನಾನು ಓದಿ ಸೇರಿಸುತ್ತೇನೆ, ಕೆಲವು ತಿಂಗಳು ಹೀಗೆ ಒಟ್ಟಿಗೆ ಕೆಲಸ ಮಾಡಿ ನೋಡೋಣ' ಎಂದು ಬರೆದ. ಕೋಡಿನ ಮೊದಲ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಸಾಲು ಹಾಕಿದ: ಇದನ್ನು ಒಬ್ಬರೇ ಬಿಡುವಿನಲ್ಲಿ ನೋಡುತ್ತಿದ್ದಾರೆ, ಶುಕ್ರವಾರ ಮಾತ್ರ ಉತ್ತರ ಸಿಗುತ್ತದೆ. ಆಮೇಲೆ ಒರಟು ಪತ್ರಗಳು ಕಡಿಮೆಯಾದವು ಎಂದು ಹೇಳುತ್ತಾನೆ. ಆ ಇನ್ನೊಬ್ಬರಿಂದ ಇದುವರೆಗೆ ಎರಡು ತಿದ್ದುಪಡಿ ಬಂದಿದೆ, ಎರಡೂ ಒಳ್ಳೆಯವೇ.

ಶಾರ್ಜಾಕ್ಕೆ ಅವನು ಹೋಗಿದ್ದಾನೆ. ಹೋಗಬೇಡ ಎಂದು ನಾನು ಹೇಳಲಿಲ್ಲ. ಮನೆ ನಡೆಯಬೇಕು. ಶುಕ್ರವಾರ ರಜೆಯ ಅರ್ಧ ದಿನ ಅದಕ್ಕೆ ಕೊಡುತ್ತಾನೆ. ಭಾವನಿಗೆ ಇದು ಅಷ್ಟೇನೂ ಹಿಡಿಸಿಲ್ಲ.

ನನ್ನ ಬಗ್ಗೆಯೂ ಹೇಳಬೇಕು. ಮಂಗಳೂರಿಗೆ ಮರಳಿದ ಮೇಲೆ ನಾವು ಈಗ ಮಾಡುತ್ತಿರುವ ಕೆಲಸದಲ್ಲಿ ಎಷ್ಟು ಪೊಟ್ಟಣಗಳಿವೆ ಎಂದು ಮೊದಲ ಸಲ ಲೆಕ್ಕ ಹಾಕಿದೆ. ನಾವು ಹೆಸರು ಬರೆದು ತರಿಸಿದ್ದು 31. ಬಂದು ಕೂತದ್ದು 800ಕ್ಕಿಂತ ಹೆಚ್ಚು. ಅದರಲ್ಲಿ ಒಬ್ಬರೇ ನೋಡಿಕೊಳ್ಳುವ ಮೂರನ್ನು ಆರಿಸಿ ತಿಂಗಳಿಗೆ ಸ್ವಲ್ಪ ಸ್ವಲ್ಪ ಕಳಿಸುತ್ತಿದ್ದೇನೆ. ಇಪ್ಪತ್ತು ವರ್ಷದ ಬಾಕಿಗೆ ಅದು ಏನೂ ಅಲ್ಲ. ಒಂದು ಅಡಿಕೆ ಮರ ಅಷ್ಟೇ.

ನಿಮ್ಮ ಮನೆಯಲ್ಲಿಯೂ ರಾತ್ರಿ ಲೈಟ್ ಉರಿಸಿಕೊಂಡು ದುಡ್ಡಿಲ್ಲದ ಕೆಲಸ ಮಾಡುವ ಮಗನೋ ಮಗಳೋ ಇದ್ದರೆ, ಬೈಯುವ ಮೊದಲು ಒಮ್ಮೆ ಹತ್ತಿರ ಕೂತು ಕೇಳಿ, ಯಾವ ಸಂಕ ಕಟ್ಟುತ್ತಿದ್ದಿ ಎಂದು. ಆಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಿನ್ನ ಜೊತೆ ಇನ್ನು ಯಾರಿದ್ದಾರೆ?